ಕಣ್ಣು ಬಿಟ್ಟ ಅವ್ವ

ನಾನು ಅಂಬೆಗಾಲಿಡುತ್ತಿದ್ದಾಗಲೇ ಅವ್ವ ತೀರಿಹೋದಳು. ಬದುಕಿದ್ದಾಗ ಅವಳದೊಂದು ಫೋಟೊ ತೆಗೆಸಲು ಯಾರಿಗೂ ಪುರಸೊತ್ತಿರಲಿಲ್ಲ. ಸತ್ತ ಮೇಲೆ, ನಮ್ಮಲ್ಲಿ ಎಲ್ಲರಿಗೂ ಮಾಡುವ ಹಾಗೆ ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಒಂದು ತೆಗೆಸಿದರು. ಕಣ್ಣು ಮುಚ್ಚಿದ ಆ ಫೋಟೊವನ್ನು ಅಪ್ಪ ಕೊಟ್ಟೂರಿನ ಒಬ್ಬ ಕಲಾವಿದರಿಗೆ ಕೊಟ್ಟುಬಂದ. ಅವರು ಬರೆದುಕೊಟ್ಟ ಬಣ್ಣದ ಚಿತ್ರದಲ್ಲಿ ಅವ್ವ ಕಣ್ಣು ಬಿಟ್ಟಿದ್ದಳು.

ಹಡಗಲಿಯ ನನ್ನ ಮನೆಯಲ್ಲಿ ಈಗ ಇರುವುದು ನಾನು ಮತ್ತು ಆ ಚಿತ್ರ, ಇಬ್ಬರೇ. ಸಾರಿಗೆ ಉಪ್ಪು ಜಾಸ್ತಿಯಾದರೂ ಅವಳಿಗೇ ಹೇಳುತ್ತೇನೆ. ನನಗೆ ತಲೆ ಕೆಟ್ಟಿದೆ ಎಂದು ಪಕ್ಕದ ಮನೆಯವರಿಗೆ ಅನುಮಾನ. ಇರಲಿ, ಅವರ ಟಿವಿಗಿಂತ ನನ್ನ ಅವ್ವ ವಾಸಿ. ಅವಳ ಕಣ್ಣಲ್ಲಿ ಸಣ್ಣದೊಂದು ನಗು ಇದೆ, ಇನ್ನೇನು ಬೈಯುತ್ತಾಳೆ ಅನ್ನುವಂಥದ್ದು. ಆ ಕಲಾವಿದರು ಅವ್ವನನ್ನು ಜೀವಂತ ನೋಡಿದ್ದರೇ? ನನಗೆ ತಿಳಿಯಬೇಕಿದ್ದದ್ದು ಅದೊಂದೇ. ನೋಡಿರದಿದ್ದರೆ ಆ ನಗು ಎಲ್ಲಿಂದ ಬಂತು? ಅವರು ತೀರಿಹೋದಮೇಲೆ ಅವರ ಮನೆಯನ್ನೇ ಚಿತ್ರಗಳ ಮ್ಯೂಸಿಯಂ ಮಾಡಿದ್ದಾರೆಂದು ಕೇಳಿ ಕೊಟ್ಟೂರಿನ ಬಸ್ ಹತ್ತಿದೆ.

ಬಾಗಿಲು ತೆಗೆದವರು ಕಲಾವಿದರ ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು.

“ಒಬ್ರೇ ಬಂದೀರೇನ್ರಿ?”

“ಹೂನ್ರಿ, ಒಬ್ಬಾಕಿನ.”

ಪಡಸಾಲೆಯಲ್ಲಿ ಬೆಟ್ಟ, ಕುರಿಮಂದೆ, ಹೊಳೆದಂಡೆ. ಚೆನ್ನಾಗಿಯೇ ಇದ್ದವು, ನಾನು ಸುಮ್ಮನೆ ತಲೆಯಾಡಿಸುತ್ತಾ ದಾಟಿದೆ. ಒಳಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗೋಡೆ ತುಂಬಾ ಹೆಂಗಸರ ಚಿತ್ರಗಳು. ದೊಡ್ಡ ಮೂಗಿನವಳು, ಉಬ್ಬುಹಲ್ಲಿನವಳು, ಕೆನ್ನೆ ಬತ್ತಿದ ಮುದುಕಿ. ಮುಖ ಒಬ್ಬೊಬ್ಬರದು ಒಂದೊಂದು ಥರ. ಕಣ್ಣು ಮಾತ್ರ ಎಲ್ಲವೂ ನನ್ನ ಅವ್ವನವು.

“ಇವೆಲ್ಲಾ ಅಪ್ಪ ಬರೆದುಕೊಟ್ಟವು, ನಾನು ಊರೂರಿಗೆ ಹೋಗಿ ಕೇಳಿ ತಂದವ್ರಿ,” ಅಂದರು ಆಕೆ. “ಜನ ಹೆಣದ ಫೋಟೊ ತಂದು ಕೊಡ್ತಿದ್ರು. ಅದ್ರಾಗ ಕಣ್ಣು ಎಲ್ಲಿ ಕಾಣ್ತಾವ? ನಮ್ಮಪ್ಪ ನಮ್ಮವ್ವನ್ನ ಎದುರಿಗೆ ಕುಂಡ್ರಿಸಿಕೊಂಡು ಆಕಿ ಕಣ್ಣು ಬರೀತಿದ್ದ. ‘ರೊಟ್ಟಿ ಹೊತ್ತಿ ಹೋಗ್ತಾವ, ಬಿಡ್ರಿ ನನ್ನ’ ಅಂತ ಆಕಿ ಬೈಯಾಕಿ. ಬೈಕೋಂತನ ನಗಾಕಿ.”

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಹೊಟ್ಟೆಕಿಚ್ಚು. ರೊಟ್ಟಿ ಬಡಿದು ಹಾಕಿದ ತಾಯಿ ಈಕೆಗಿದ್ದಳು. ನನಗಿದ್ದದ್ದು ಬರೀ ಆ ನೋಟ, ಅದೂ ಈಕೆಯ ಮನೆಯದೇ ಆಯಿತು.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. “ನಿಮ್ಮ ಮನ್ಯಾಗೂ ಅದಾಳೇನ್ರಿ, ನಮ್ಮವ್ವ?”

ಎಷ್ಟು ಆಸೆಯಿಂದ ಕೇಳಿದರೆಂದರೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ.

“ಅದಾಳ್ರಿ,” ಅಂದೆ. “ದಿನಾ ಮಾತಾಡಿಸ್ತೀನಿ.”

ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಅವ್ವನ ಕಣ್ಣು ಹೇಗಿದ್ದವು ಎಂದು ಹೇಳುವವರು ಈಗ ಯಾರೂ ಉಳಿದಿಲ್ಲ.