ಬರೀ ಸದ್ದು ಅಂದಿದ್ದಕ್ಕೆ

ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ ತಮಟೆ ಬಾರಿಸುವುದರಲ್ಲಿ ಗಟ್ಟಿಗ. ನಾನು ಊರಿನ ಭಜನೆ ತಂಡದಲ್ಲಿ ಹಾಡುವವನು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಅವನು ಮೊಬೈಲಿನಲ್ಲಿ ಕನ್ನಡ ರ‍್ಯಾಪ್ ಹಾಕಿದ.

"ರಾಗ ಇಲ್ಲ, ಶ್ರುತಿ ಇಲ್ಲ. ಇದು ಹಾಡಲ್ಲ, ಬೈಗುಳ," ಅಂದೆ.

"ತಾಳ ಕೇಳಿಸ್ಕೊಳ್ಳೋ. ಮಾತನ್ನ ಹೆಂಗೆ ತಾಳಕ್ಕೆ ಕೂರಿಸ್ತಾನೆ ನೋಡು. ಅದು ಸಂಗೀತ ಅಲ್ವಾ?"

"ಅಲ್ಲ ಕಣೋ. ಬರೀ ಸದ್ದು."

"ಹಂಗಾದ್ರೆ ನನ್ನ ತಮಟೆ?"

ಸೋಲಲು ಮನಸ್ಸಿಲ್ಲದೆ, "ಅದೂ ಸದ್ದೇ," ಅಂದುಬಿಟ್ಟೆ.

ಅವನು ಬೀಸಿದ ಸ್ಟೀಲ್ ತಟ್ಟೆಯ ಅಂಚು ನನ್ನ ಹುಬ್ಬನ್ನು ಸೀಳಿತು. ಕಣ್ಣಿಗೆ ರಕ್ತ ಇಳಿಯಿತು. ನಾನು ಅವನನ್ನು ನೆಲಕ್ಕೆ ಕೆಡವಿ, ಬೂಟುಗಾಲಿನಿಂದ ಅವನ ಬಲಗೈಯನ್ನು ತುಳಿದೆ. ಬೇಕೆಂದೇ ಆ ಕೈಯನ್ನು ಆರಿಸಿಕೊಂಡೆ. ಮೂಳೆ ಲಟ್ಟೆಂದಿತು. ಜನ ಬಂದು ನನ್ನನ್ನು ಎಳೆಯುವಷ್ಟರಲ್ಲಿ ಇನ್ನೊಮ್ಮೆ ತುಳಿದಿದ್ದೆ.

ನನಗೆ ಆರು ಹೊಲಿಗೆ ಬಿತ್ತು. ಅವನ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕೆಲವು ತಿಂಗಳ ನಂತರ ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವನು ಬಾಗಿಲಲ್ಲೇ ನಿಂತು, "ರ‍್ಯಾಪ್ ನಿಂಗೆ ಹಿಡಿಸ್ದೆ ಇದ್ರೆ ಇರ್ಲಿ. ನನ್ನ ಕೈ ಏನ್ ಮಾಡಿತ್ತು?" ಎಂದು ಕೇಳಿದ.