ಒಂದೇ ಬಾನಿಯ ಕಾಗದ

ಉಗುರಿನ ಸಂದಿಗೆ ಕೊಳೆತ ಕಾಗದ ಸೇರಿಕೊಂಡರೆ ಕಡ್ಡಿಯಿಂದ ಕೆದಕಿ ತೆಗೆಯಬಹುದು, ವಾಸನೆಯನ್ನು ತೆಗೆಯಲಾಗುವುದಿಲ್ಲ. ಅದು ಸೀಗೆಪುಡಿಗೂ ಬಗ್ಗಲಿಲ್ಲ, ನಿಂಬೆಸಿಪ್ಪೆಗೂ ಬಗ್ಗಲಿಲ್ಲ. ಹಾಸನದ ಹಾಸ್ಟೆಲಿನಲ್ಲಿ ಅದೇ ಕೈಯಲ್ಲಿ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದದ್ದು ರಾಗಿ ಮುದ್ದೆ. ಬಣ್ಣ, ಮೆದು, ಬೆರಳಿಗೆ ಅಂಟುವ ರೀತಿ, ಎಲ್ಲವೂ ನಾನು ಬೆಳಿಗ್ಗೆ ಹಿತ್ತಲಿಗೆ ಚೆಲ್ಲಿ ಬಂದ ಕಾಗದದ ರೊಜ್ಜಿನಂತೆಯೇ ಇತ್ತು. ಪಕ್ಕದವಳು ಅದನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಿದಳು. ನಾನು ಎದ್ದುಹೋದೆ.

ಧಾರವಾಡದಲ್ಲಿ ಬಿ.ಎ. ಮುಗಿಸಿದವಳಿಗೆ ಶಿಕ್ಷಕಿಯರ ತರಬೇತಿಗೆ ಜಾಗ ಸಿಕ್ಕಿದ್ದು ಹಾಸನದಲ್ಲಿ. ರಾಜ್ಯ ಒಂದಾಗಿತ್ತು, ಮಾತು ಒಂದೇ, ಹೆದರುವಂಥದ್ದೇನಿದೆ ಎಂದುಕೊಂಡು ರೈಲು ಹತ್ತಿದ್ದೆ. ಇಲ್ಲಿ ಚುರುಮರಿ ಕೇಳಿದರೆ ಅಂಗಡಿಯವನು ಮುಖ ನೋಡಿದ. ಅದಕ್ಕೆ ಇಲ್ಲಿ ಪುರಿ ಎನ್ನುತ್ತಾರೆ. ನಾನು "ಹೌದಲ್ರೀ" ಎಂದರೆ ಸಹಪಾಠಿಗಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಕ್ರಮೇಣ ಮಾತನಾಡುವುದನ್ನೇ ಕಡಿಮೆ ಮಾಡಿದೆ. ಮೊದಲೂ ಹೆಚ್ಚೇನೂ ಆಡುತ್ತಿರಲಿಲ್ಲ.

ತರಬೇತಿಯಲ್ಲಿ ಪ್ರತಿಯೊಬ್ಬರೂ ಒಂದು ಕೈಕೆಲಸ ಆರಿಸಿಕೊಳ್ಳಬೇಕಿತ್ತು. ನಾನು ಆರಿಸಿದ್ದು ನಮ್ಮ ಅವ್ವ ಪ್ರತಿ ಬೇಸಿಗೆ ಮಾಡುತ್ತಿದ್ದ ಕಾಗದದ ಬುಟ್ಟಿ. ರದ್ದಿ ಕಾಗದವನ್ನು ನೆನೆಹಾಕಿ, ರುಬ್ಬಿದ ಮೆಂತ್ಯ ಬೆರೆಸಿ, ಚೆನ್ನಾಗಿ ನಾದಿ, ಬೋರಲಿಟ್ಟ ಬೋಗುಣಿಯ ಮೇಲೆ ಮೆತ್ತಿ ಒಣಗಿಸುವುದು. ಮೆಂತ್ಯದ ಕಹಿಗೆ ಹುಳು ಬರುವುದಿಲ್ಲ. ಅಡುಗೆಮನೆಯಲ್ಲಿ ಬೇಳೆಗೆ, ಹಪ್ಪಳಕ್ಕೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅವ್ವನ ಬುಟ್ಟಿ ಒಣಗುತ್ತಿದ್ದದ್ದು ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ, ನಾನು ಮೆತ್ತಿದ್ದು ಹಾಸನದ ಜುಲೈ ಸೋನೆಯಲ್ಲಿ. ಬುಟ್ಟಿ ಒಣಗಲಿಲ್ಲ, ಬೂಸಲು ಹಿಡಿದು ಕೊಳೆಯಿತು. ಕೈಕೆಲಸದ ಮೇಷ್ಟ್ರು ಮೂಗು ಮುಚ್ಚಿಕೊಂಡೇ ಅದನ್ನು ತರಗತಿಗೆಲ್ಲ ತೋರಿಸಿ, "ಬುಟ್ಟಿ ತಂದಂಗೆ ನಿಮ್ಮೂರ ಬಿಸ್ಲನ್ನೂ ಕಟ್ಕೊಂಡು ಬರ್ಬೇಕಾಗಿತ್ತು ಕಣಮ್ಮ" ಎಂದರು. ಅವರು ಸರಿಯಾಗಿಯೇ ಹೇಳಿದ್ದರು. ಮಳೆ ಬಿಟ್ಟ ಮೇಲೆ ಮಾಡಿದ ಬುಟ್ಟಿ ಒಣಗಿತು.

ಪಾಠ ಹೇಳುವ ಅಭ್ಯಾಸಕ್ಕೆ ನನ್ನನ್ನು ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಶಾಲೆಗೆ ಕಳಿಸಿದರು. ಒಂಟಿ ಹೆಣ್ಣಿಗೆ ರೂಮು ಕೊಡುವವರಿರಲಿಲ್ಲ. ಪೇಟೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರ ಮನೆಯ ನಂಜಮ್ಮನವರು ಹೊಸ್ತಿಲಲ್ಲೇ ನಿಲ್ಲಿಸಿ ಊರು, ತಂದೆ, ಓದು ಎಲ್ಲ ವಿಚಾರಿಸಿದರು. ಒಂದಕ್ಕೂ ಅವರ ಮುಖ ಸಡಿಲಲಿಲ್ಲ. ನಾನು ಬಗ್ಗಿ ಟ್ರಂಕು ಎತ್ತುವಾಗ ಕೊರಳಿನ ಶಿವದಾರ ಕಂಡಿತು. "ಅಯ್ಯೋ, ನಮ್ಮೋರೇ ಕಣವ್ವ, ಮೊದ್ಲೇ ಏಳ್ಬಾರ್ದಾ" ಎಂದು ಹಿಂದುಗಡೆಯ ರೂಮಿನ ಬೀಗ ತೆಗೆದರು. ಬಿ.ಎ. ಮಾಡದ ಕೆಲಸವನ್ನು ದಾರ ಮಾಡಿತ್ತು. ಅಂದೇ ಏನೋ ಕಸಿವಿಸಿಯಾಯಿತು, ಆದರೆ ರೂಮು ಬೇಕಿತ್ತು.

ಅವರ ಮೊಮ್ಮಗಳು ಗಿರಿಜೆ ನನ್ನ ತರಗತಿಯಲ್ಲೇ ಇದ್ದಳು. ಹೊಳೆಯಾಚೆಯ ಕೇರಿಯಿಂದ ಬರುವ ಕೆಂಚಿಯೂ ಇದ್ದಳು. ಬುಟ್ಟಿ ಮಾಡಲು ಕಲಿಸುತ್ತೇನೆ, ಕಾಗದ ತನ್ನಿ ಎಂದಾಗ ಗಿರಿಜೆ ಮಂಡಿಯ ಹಳೆಯ ರಸೀತಿಗಳನ್ನು ತಂದಳು. ಕೆಂಚಿ ಬೀದಿಯಲ್ಲಿ ಆಯ್ದ ಸಕ್ಕರೆ ಪೊಟ್ಟಣಗಳನ್ನು ಒಂದೊಂದಾಗಿ ನೀವಿ, ಕಟ್ಟು ಕಟ್ಟಿ ತಂದಳು. ಎಲ್ಲವನ್ನೂ ದೊಡ್ಡ ತಗಡಿನ ಬಾನಿಯಲ್ಲಿ ನೆನೆಹಾಕಿದೆ. ಕಾಗದ ಬೆರೆತದ್ದಕ್ಕೆ ಯಾರ ತಕರಾರೂ ಇರಲಿಲ್ಲ.

ನಾದುವ ದಿನ ಹೆಡ್ ಮೇಡಂ ಬಂದರು. ಬಾನಿಯಿಂದ ಒಂದು ತಂಬಿಗೆಯಷ್ಟು ಕಾಗದ ಮೊಗೆದು ಕಂಠ ಒಡೆದ ಮಡಕೆಗೆ ಹಾಕಿ, ಕಂಬದ ಬಳಿ ಕೆಂಚಿಯ ಮುಂದೆ ಇಟ್ಟರು. ನಾನು ಅವರನ್ನು ನೋಡಿದೆ.

"ಯಾಕಂಗೆ ನೋಡ್ತೀರಮ್ಮ? ಕಾನೂನು ನಂಗೂ ಗೊತ್ತು," ಎಂದರು ಅವರು. "ಒಳಗೇ ಕೂತಿದಾಳೆ, ಎಲ್ರ ಜೊತೆ ಪಾಠ ಕೇಳ್ತಾಳೆ. ಸ್ಲೇಟು ಬೇರೆ, ಇದು ಬೇರೆ. ಇದು ಅಡುಗೆಮನೆಗೆ ಹೋಗೋ ವಸ್ತು."

ಕೊಳೆತ ಕಾಗದ ಕೂಡ ನನಗೆ ಅಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಅವರು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಮಗುವಿಗೆ ಬೆಚ್ಚಗೆ ಹೊದಿಸುವವರ ದನಿಯಲ್ಲಿ ಹೇಳಿದರು. ಕೆಂಚಿ ಆಗಲೇ ಮಡಕೆಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ನಾದತೊಡಗಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಮರುದಿನ ಹೆಡ್ ಮೇಡಂ ತಾಲ್ಲೂಕು ಕಚೇರಿಗೆ ಹೋಗಿದ್ದರು. ನಾನು ಮಡಕೆಯನ್ನು ಎತ್ತಿ ಬಾನಿಗೆ ಬಗ್ಗಿಸಿದೆ. ಕೆಂಚಿಗೆ ಬಂದು ಕೈ ಹಾಕು ಎಂದೆ.

"ಬ್ಯಾಡ ಬುಡಿ ಮೇಷ್ಟ್ರಮ್ಮ, ನಂದು ಅಲ್ಲೇ ಇರ್ಲಿ," ಎಂದಳು. ಗಿರಿಜೆ ಕೈ ಹೊರಗೆಳೆದುಕೊಂಡು, "ನಮ್ಮಜ್ಜಿ ಬಯ್ತದೆ" ಎಂದಳು.

ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ಊರಿನ ಮಾತೇ. "ಕಾಗದ ಎಲ್ಲಾರ ಮನೀದೂ ಕೂಡೈತಿ. ಇನ್ನ ಕೈ ಕೂಡಿದ್ರ ಏನಾಕ್ಕೈತಿ?"

"ಏನಾಕ್ಕೈತಿ," ಎಂದು ಹಿಂದಿನಿಂದ ಯಾರೋ ಅಣಕಿಸಿದರು. ತರಗತಿ ಗೊಳ್ಳೆಂದಿತು. ಆ ನಗೆಯ ನಡುವೆಯೇ ಕೆಂಚಿ ಬಂದು ಬಾನಿಗೆ ಕೈ ಇಳಿಸಿದಳು. ನಾನೂ ಇಳಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಗಿರಿಜೆಯ ಕೈಗಳೂ ಬಂದವು. ನಾದುವುದೆಂದರೆ ಅವಳಿಗೆ ಬಹಳ ಇಷ್ಟವಿತ್ತು.

ಬುಟ್ಟಿಗಳು ಬಿಸಿಲಿಗೆ ಒಣಗಿ ಗಟ್ಟಿಯಾದವು. ಹೆಡ್ ಮೇಡಂ ಒಂದೇ ಸಾಲಿನಲ್ಲಿಟ್ಟ ಬುಟ್ಟಿಗಳನ್ನೂ ಬರಿದಾದ ಮಡಕೆಯನ್ನೂ ನೋಡಿ ತಮ್ಮ ಕೋಣೆಗೆ ಹೋದರು. ಮಕ್ಕಳು ತಲೆಯ ಮೇಲೆ ಟೋಪಿಯಂತೆ ಬೋರಲಿಟ್ಟುಕೊಂಡು ಮನೆಗೆ ಹೋದರು.

ಸಂಜೆ ನಾನು ರೂಮಿಗೆ ಬಂದಾಗ ಗಿರಿಜೆಯ ಬುಟ್ಟಿ ನನ್ನ ಬಾಗಿಲ ಮುಂದಿತ್ತು. ಪಕ್ಕದಲ್ಲಿ ಅದನ್ನು ತಳ್ಳಿಕೊಂಡು ಬಂದ ಬಿದಿರುಕಡ್ಡಿಯೂ ಇತ್ತು. ನಂಜಮ್ಮನವರು ದೂರದಲ್ಲೇ ನಿಂತಿದ್ದರು. ಮಗುವಿಗೆ ತಲೆಗೆ ನೀರು ಹಾಕಿದ್ದಾಯಿತು, ಅಡುಗೆಮನೆ ಸಾರಿಸಿದ್ದಾಯಿತು ಎಂದರು. ಪೇಟೆಯ ಬೇರೆ ಮನೆಗಳಿಂದಲೂ ಬುಟ್ಟಿಗಳು ತಿಪ್ಪೆ ಸೇರಿವೆಯಂತೆ.

"ನೀವು ನಮ್ಮೋರು ಅಂತ ರೂಮು ಕೊಟ್ಟೆ ಕಣವ್ವ," ಎಂದರು. "ಓದಿದೋರು, ತಿಳೀದೆ ಮಾಡ್ಬುಟ್ರಿ ಅಂತ ಅನ್ಕತೀನಿ. ಬೆಳಿಗ್ಗೆ ಇದ್ನ ತಗಂಡೋಗಿ ತಿಪ್ಪೆಗೆ ಎಸ್ದು, ಆ ಉಡುಗಿಗೆ ಮಡಕೆ ಬೇರೆ ಮಡಗಿ. ಇಲ್ದಿದ್ರೆ ಬೀಗದ ಕೈ ಕೊಟ್ಬುಡಿ."

ತಿಳಿದೇ ಮಾಡಿದೆ ಎಂದೆ. ಅವರು ಆ ಕಡ್ಡಿಯನ್ನೂ ಮುಟ್ಟದೆ ಒಳಗೆ ಹೋದರು.

ಇದನ್ನೆಲ್ಲ ನಮ್ಮೂರ ಪತ್ರಿಕೆಯ ಓದುಗರಾದ ನಿಮಗೆ ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿ ಒಂದು ಅನುಕೂಲದ ವಾಕ್ಯವಿತ್ತು: ಇಲ್ಲಿಯ ಜನ ಹೀಗೆ, ನಮ್ಮ ಕಡೆ ಹಾಗಲ್ಲ. ಬರೆಯಲು ಹೊರಟಾಗ ನೆನಪಾದದ್ದು ನಮ್ಮ ಹಿತ್ತಲಗೋಡೆಯ ಗೂಡಿನಲ್ಲಿ ಬೋರಲಾಗಿರುತ್ತಿದ್ದ ಕಿವಿ ಮುರಿದ ಕಪ್ಪು. ಸೆಗಣಿ ಬಾಚಲು ಬರುತ್ತಿದ್ದ ದುರ್ಗವ್ವನಿಗೆ ಅದರಲ್ಲೇ ಚಹಾ. ಅವ್ವ ಮೇಲಿನಿಂದ ಸುರಿಯುತ್ತಿದ್ದಳು. ಓದುತ್ತಿರುವ ನಿಮ್ಮಲ್ಲಿ ಹಲವರ ಗೋಡೆಗಳಲ್ಲೂ ಅಂಥ ಗೂಡಿದೆ. ಮುದ್ದೆ ನುಂಗುವುದನ್ನು ನಾನು ಕಲಿತುಬಿಟ್ಟಿದ್ದೇನೆ, ಈಗ ರೊಟ್ಟಿಯಷ್ಟೇ ಇಷ್ಟ. ಊರಿಗೆ ಬಂದರೆ ಆ ಕಪ್ಪಿನ ಎದುರಿಗೆ ಕೂತು ರೊಟ್ಟಿ ನುಂಗುವುದು ಹೇಗೆಂದು ತಿಳಿಯದು. ಈ ಊರು ನನ್ನದಾಗಲಿಲ್ಲ. ಆ ಮನೆಯೂ ಹೊರಟಾಗ ಇದ್ದಷ್ಟು ನನ್ನದಾಗಿ ಉಳಿದಿಲ್ಲ.

ನಂಜಮ್ಮನವರು ಹಾಗೆಂದ ಮರುದಿನ ಬೆಳಿಗ್ಗೆ ಹಾಸಿಗೆ ಸುತ್ತಿ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟೆ. ಉಳಿದ ದಿನಗಳಿಗೆ ಹಾಸನದ ಹಾಸ್ಟೆಲಿನಿಂದ ರೈಲಿನಲ್ಲಿ ಓಡಾಡಬಹುದು. ಟ್ರಂಕನ್ನು ಕೂಲಿಯವನಿಗೆ ಹೊರಿಸಿದೆ. ಅವ್ವ ಕಳಿಸಿದ್ದ ಶೇಂಗಾದ ಉಂಡೆಗಳನ್ನು ಗಿರಿಜೆಯ ಬುಟ್ಟಿಗೆ ತುಂಬಿ, ಸೊಂಟಕ್ಕೆ ಆನಿಸಿಕೊಂಡು ಪೇಟೆಬೀದಿಯ ನಡುವೆ ಶಾಲೆಗೆ ನಡೆದೆ. ತರಗತಿಯಲ್ಲಿ ಹಲವು ಜಾಗಗಳು ಖಾಲಿಯಿದ್ದವು. ಬುಟ್ಟಿಯನ್ನು ಮೇಜಿನ ಮೇಲಿಟ್ಟು ಒಂದು ಉಂಡೆ ತಿಂದೆ. ಕೆಂಚಿ ಒಂದು ತೆಗೆದುಕೊಂಡಳು.

ಗಿರಿಜೆ ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ಕೂದಲು ಇನ್ನೂ ಪೂರ್ತಿ ಆರಿರಲಿಲ್ಲ.

"ಅದು ನನ್ ಬುಟ್ಟಿ ಅಲ್ವಾ ಮೇಷ್ಟ್ರಮ್ಮ?" ಎಂದು ಕೇಳಿದಳು.

ನಿನ್ನದೇ ಎಂದೆ. ಅವಳು ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನಾನು ಒಡಕು ಮಡಕೆಯನ್ನು ಹೊರಗೆ ಹಾಕಿ ಬಂದು, ಬಾನಿಗೆ ನೀರು ತುಂಬಿ, ಹೊಸ ಕಾಗದ ಹರಿಯತೊಡಗಿದೆ.