ಮೂರನೇ ಮಹಡಿಯಲ್ಲಿ ಅಜ್ಜಿಯ ಹಲ್ಲು

ಚಿತ್ರ ಬರೆಯುವ ಆಕೆಯನ್ನು ಬೀದಿಯವರೆಲ್ಲ ಗಾರೆಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಗೋಡೆಗೆ ಗಾರೆ ಮೆತ್ತಿ ಬಣ್ಣ ಹೊಡೆಯುವವರು. ಅವರು ಹಳೆಯ ಗೋಡೆ ಕೆರೆಯುವಾಗ ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಯಾವುದೋ ಮಗು ಗೀಚಿದ ಬೆಕ್ಕು ಹೊರಬರುವುದನ್ನು ಆಕೆ ಚಿಕ್ಕಂದಿನಲ್ಲಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಗೋಡೆ ಏನನ್ನೂ ಮರೆಯುವುದಿಲ್ಲ ಎಂದು ಆಗಲೇ ಅನ್ನಿಸಿತ್ತು.

ಮುಂದೆ ಅವಳ ಚಿತ್ರಗಳೂ ಹಾಗೇ ಆದವು. ಹಲಗೆಯ ಮೇಲೆ ಗೋಡೆಗೆ ಮೆತ್ತುವ ಪುಟ್ಟಿ, ಅದರ ಮೇಲೆ ಬಣ್ಣ, ಒಣಗಿದ ಮೇಲೆ ಮರಳು ಬೆರೆಸಿದ ಮತ್ತೊಂದು ಪದರ. ಹಸಿಯಿರುವಾಗಲೇ ಕೈಗೆ ಸಿಕ್ಕಿದ್ದರಿಂದ ಒಂದು ಅಚ್ಚು. ಬಾಚಣಿಗೆ, ಗೋಣಿತಾಟು, ಬಾಟಲಿಯ ಮುಚ್ಚಳ ಯಾವುದನ್ನೂ ಬಿಟ್ಟಿರಲಿಲ್ಲ. ಅಮ್ಮ ಜರಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಅಂತೂ ಅವಳು ಬರೆದ ಹಳೆಯ ಕಟ್ಟಡವೊಂದರ ಚಿತ್ರ ಪ್ರದರ್ಶನಕ್ಕೆ ಆಯ್ಕೆಯಾಯಿತು. ಅವಳ ಮೊಟ್ಟಮೊದಲ ಪ್ರದರ್ಶನ. ಮೂರು ಗಂಟೆಗೆ ವ್ಯಾನು ಬರಬೇಕು. ಅಷ್ಟರಲ್ಲಿ ಅಜ್ಜಿ ಮುಷ್ಕರ ಹೂಡಿದರು.

"ನಾಲ್ಕು ದಿನದಿಂದ ನನ್ನ ಹಲ್ಲಿನ ಸೆಟ್ಟಿಲ್ಲ. ಬೋಳು ಬಾಯಲ್ಲಿ ನಾನು ಬರಲ್ಲ. ಅಲ್ಲಿ ಫೋಟೋ ತೆಗೀತಾರೆ."

"ಬಾಯಿ ಮುಚ್ಕೊಂಡು ನಿಂತ್ರಾಯ್ತಲ್ಲಮ್ಮ," ಎಂದರು ಅಪ್ಪ ತಮ್ಮ ತಾಯಿಗೆ.

"ನಲವತ್ತು ವರ್ಷದಿಂದ ಅದನ್ನೇ ಹೇಳ್ತಿದೀಯ. ಒಂದಿನ ಮುಚ್ಚಿದ್ದು ನೋಡಿದೀಯೇನೋ?"

ಸೆಟ್ಟು ಎಲ್ಲಿದೆಯೆಂದು ಗಾರೆಯಕ್ಕನಿಗೆ ಗೊತ್ತಿತ್ತು. ಚಿತ್ರದ ಸಾಲು ಕಿಟಕಿಗಳಿಗೆ ಅಷ್ಟು ಚೆಂದದ ಅಚ್ಚು ಬೇರೆಲ್ಲಿ ಸಿಗಬೇಕು? ಅಜ್ಜಿ ಮಲಗಿದ್ದಾಗ ಲೋಟದಿಂದ ಸೆಟ್ಟೆತ್ತಿ ಹಸಿ ಪುಟ್ಟಿಗೆ ಒತ್ತಿದ್ದಳು. ಅಮ್ಮ ಕರೆದರೆಂದು ಹೋಗಿ ಬರುವಷ್ಟರಲ್ಲಿ ಹಲ್ಲು ಕಟ್ಟಡವನ್ನು ಕಚ್ಚಿ ಹಿಡಿದಿತ್ತು. ಎಳೆದಳು, ಬೇಡಿದಳು, ಕೊನೆಗೆ ಧೈರ್ಯಗೆಟ್ಟು ಮೇಲೆ ಎರಡು ಪದರ ಬಳಿದುಬಿಟ್ಟಳು. ಹೇಳಿದರೆ ಚಿತ್ರ ಹಾಳು. ಹೇಳದಿದ್ದರೆ ಅಜ್ಜಿ ಬರುವುದಿಲ್ಲ.

ಚಿತ್ರ ಎತ್ತಲು ಬಂದ ಅಪ್ಪ ಅಭ್ಯಾಸಬಲದಿಂದ ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರು. ಸಡಿಲಾದ ಗಾರೆಯನ್ನು ಅವರು ಪತ್ತೆಹಚ್ಚುವುದೇ ಹಾಗೆ. ಮೂರನೇ ಮಹಡಿಯಲ್ಲಿ ಕೈ ನಿಂತಿತು.

"ಇಲ್ಲೇನೋ ಟೊಳ್ಳಿದೆಯಲ್ಲೇ ಮಗಳೇ?"

"ಅಜ್ಜಿ ಹಲ್ಲಿದೆಯಪ್ಪ."

ಅಜ್ಜಿ, "ನನ್ನ ಬಾಯಿಗೇ ಗಾರೆ ಹೊಡೆದ್ಯಾ! ನಿಮ್ಮಪ್ಪನ ಕೈಲೇ ಆಗದ ಕೆಲ್ಸ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಚಿತ್ರ ನೋಡಿ ದನಿ ಇಳಿಸಿದರು. "ಇರ್ಲಿ ಬಿಡೇ. ಹಾಗೇ ಕಳ್ಸು. ಕೆಡಿಸ್ಬೇಡ."

ಗಾರೆಯಕ್ಕ ಆಗಲೇ ಅಪ್ಪ ಗೋಡೆ ಕೆರೆಯುವ ಪಟ್ಟಿಯನ್ನು ಕೈಗೆತ್ತಿಕೊಂಡಿದ್ದಳು.

ಪ್ರದರ್ಶನದಲ್ಲಿ ಚಿತ್ರದ ನಡುವೆ ಒಂದು ಗುಂಡಿ. ಅದರ ಅಂಚಿನಲ್ಲಿ ನೀಲಿ, ಹಳದಿ, ಕೆಂಪು ಪದರಗಳು. ತಳದಲ್ಲಿ ಹದಿನಾಲ್ಕು ಪುಟ್ಟ ಕಿಟಕಿಗಳು.

"ಈ ಗುಂಡಿಗೆ ಸ್ಫೂರ್ತಿ ಯಾವುದು?" ಎಂದು ಕನ್ನಡಕದವರೊಬ್ಬರು ಗಂಭೀರವಾಗಿ ಕೇಳಿದರು.

ಗಾರೆಯಕ್ಕ ಬಾಯಿ ತೆರೆಯುವ ಮೊದಲೇ ಅಜ್ಜಿ ತೆರೆದರು. ಎರಡು ಹಲ್ಲುಗಳ ಸಂದಿಯಲ್ಲಿ ನೀಲಿ ಇನ್ನೂ ಉಳಿದಿತ್ತು.

"ಬೇಕಾದ್ರೆ ಅಳತೆ ನೋಡ್ಕೊಳ್ಳಿ," ಎಂದರು.